ಬಾಯಿ ಒಂದು ಕಡೆ, ಮಾತು ಒಂದು ಕಡೆ

ನಾನು ಮೂವತ್ತೈದು ವರ್ಷ ಟೆಲಿವಿಷನ್ನಿನಲ್ಲಿ ಕೆಲಸ ಮಾಡಿದವಳು ಎಂದು ಗೊತ್ತಾದ ಕೂಡಲೇ ನಮ್ಮ ಬೀದಿಯ ಹೆಂಗಸರು ನನ್ನ ಮುಖವನ್ನು ಒಮ್ಮೆ ದಿಟ್ಟಿಸಿ ನೋಡುತ್ತಾರೆ. "ಎಲ್ಲೋ ನೋಡಿದ ಹಾಗಿದೆ" ಎಂದು ಸೌಜನ್ಯಕ್ಕೆ ಹೇಳಿದವರೂ ಇದ್ದಾರೆ. ನೋಡಿರಲು ಸಾಧ್ಯವೇ ಇಲ್ಲ. ಒಂದೇ ಒಂದು ಸಲವೂ ನನ್ನ ಮುಖ ಪರದೆಯ ಮೇಲೆ ಬಂದದ್ದಿಲ್ಲ. ವಾರ್ತೆ ಓದುವವಳಲ್ಲ, ನಾಟಕದವಳಲ್ಲ, ಅಡುಗೆ ಕಾರ್ಯಕ್ರಮದಲ್ಲಿ ಒಗ್ಗರಣೆ ಹಾಕಿದವಳೂ ಅಲ್ಲ. ಹಾಗಾದರೆ ಏನು ಮಾಡುತ್ತಿದ್ದಿರಿ ಎಂದರೆ ಉತ್ತರ ಹೇಳುವುದು ಕಷ್ಟ. "ಯಾವ ಚಿತ್ರ ಯಾವ ದಾರಿಯಲ್ಲಿ ಹೋಗಬೇಕು, ಯಾವ ಮಾತು ಅದರ ಜೊತೆ ಹೋಗಬೇಕು ಅಂತ ಪಟ್ಟಿ ಬರೆಯುತ್ತಿದ್ದೆ" ಎನ್ನುತ್ತೇನೆ. "ಓ, ಆಫೀಸು ಕೆಲಸ" ಎಂದು ಅವರು ಸಮಾಧಾನಪಟ್ಟುಕೊಳ್ಳುತ್ತಾರೆ.

ಆಫೀಸು ಕೆಲಸವೇ. ಆದರೆ ಆ ಪಟ್ಟಿಯಲ್ಲಿ ನಾನು ಬರೆದ ಅಂಕಿಯೊಂದು ತಪ್ಪಿದ್ದರಿಂದ 1997ರ ಒಂದು ಸಂಜೆ ಏನಾಯಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನನ್ನ ತಾಯಿಯ ತವರು ರಾಯಚೂರು ಜಿಲ್ಲೆಯ ಒಂದು ಹಳ್ಳಿ. 1975ರ ದಸರೆ ರಜೆಗೆ ಅಲ್ಲಿಗೆ ಹೋದಾಗ ನನಗೆ ಹನ್ನೊಂದು ವರ್ಷ. ಶಾಲೆಯ ಅಂಗಳದಲ್ಲಿ ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ದೊಡ್ಡದೊಂದು ಕೊಡೆ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು. ಅಡ್ಡಳತೆ ಹತ್ತು ಅಡಿ. ಒಳಗೆ ಮೇಜಿನ ಮೇಲೆ ಕಪ್ಪು-ಬಿಳುಪು ಟಿ.ವಿ. ಬೆಂಗಳೂರಿನ ಮನೆಗಳಲ್ಲೇ ಟಿ.ವಿ. ಇಲ್ಲದ ಕಾಲ ಅದು. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಕಡ ತಂದ ಎ.ಟಿ.ಎಸ್-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸುವ 'ಸೈಟ್' ಎಂಬ ಪ್ರಯೋಗ. 1975ರ ಆಗಸ್ಟ್ 1ರಂದು ಶುರುವಾಗಿ 1976ರ ಜುಲೈ 31ಕ್ಕೆ ಮುಗಿಯಿತು. ಕರ್ನಾಟಕದ ಪಾಲಿಗೆ ಬಂದದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಮುಂದುವರಿದವರೆನಿಸಿಕೊಂಡ ಜಿಲ್ಲೆಗಳಿಗಿಂತ ಮೊದಲು ಹಿಂದುಳಿದವರೆನಿಸಿಕೊಂಡವರ ಮನೆಬಾಗಿಲಿಗೆ ಟಿ.ವಿ. ಬಂದ ಅಪರೂಪದ ಒಂದು ವರ್ಷ.

ಸಂಜೆ ಊರಿಗೆ ಊರೇ ನೆಲದ ಮೇಲೆ ಕೂತು ನೋಡುತ್ತಿತ್ತು. ಅಜ್ಜಿ ನನ್ನ ಪಕ್ಕದಲ್ಲಿ. ಪರದೆಯ ಮೇಲೆ ಯಾರೋ ಬೇರೆ ಸೀಮೆಯ ರೈತ ಮಾತಾಡುತ್ತಿದ್ದ, ಕೇಳುತ್ತಿದ್ದದ್ದು ಕನ್ನಡ. ಅಜ್ಜಿ ಸ್ವಲ್ಪ ಹೊತ್ತು ನೋಡಿ ನನ್ನ ಕಿವಿಯ ಹತ್ತಿರ ಬಂದು, "ಅಲ್ಲಬೇ, ಅವನ ಬಾಯಿ ಒಂದು ಕಡೆ ಹೊಂಟೈತಿ, ಮಾತು ಒಂದು ಕಡೆ ಹೊಂಟೈತಿ. ಇದ್ಯಾ ನಮೂನಿ?" ಎಂದಳು. ನನಗೂ ಗೊತ್ತಿರಲಿಲ್ಲ. ಮಾತು ಬಾಯಿಯಿಂದಲೇ ಬರುತ್ತದೆ ಎಂದು ನಾನೂ ನಂಬಿದ್ದೆ.

ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ ಮೇಲೆ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ಉಪಗ್ರಹದ ದಾರಿಯಲ್ಲಿ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸುವ ಅನುಕೂಲವಿತ್ತು. ಕಾರ್ಯಕ್ರಮದ ಚಿತ್ರ ಬೇರೆ ಎಳೆ, ಧ್ವನಿ ಬೇರೆ ಎಳೆ. ಎರಡೂ ಒಟ್ಟಿಗೆ ಹುಟ್ಟಿರಲೇಬೇಕೆಂದಿಲ್ಲ. ಯಾರೋ ಒಬ್ಬರು ಕೂತು ಇದರ ಜೊತೆ ಇದು ಎಂದು ಗಂಟು ಹಾಕಿರುತ್ತಾರೆ. ಆ ಗಂಟು ಹಾಕುವ ಕೆಲಸವೇ ಮುಂದೆ ನನ್ನ ಪಾಲಿಗೆ ಬಂತು.

ಈ ಕೆಲಸದ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಟೆಲಿಫೋನ್ ಎಕ್ಸ್‌ಚೇಂಜು. ಅಲ್ಲಿ ಸಿಗುವವರು ಹೆಂಗಸರು. 1878ರಲ್ಲಿ ಅಮೆರಿಕದ ಬೋಸ್ಟನ್ನಿನ ಎಕ್ಸ್‌ಚೇಂಜಿನಲ್ಲಿ ಮೊದಲು ಹುಡುಗರನ್ನು ಕೂರಿಸಿದ್ದರು. ಅವರು ಗಿರಾಕಿಗಳ ಮೇಲೆ ರೇಗುವುದು, ತಮಾಷೆ ಮಾಡುವುದು ಜಾಸ್ತಿಯಾಯಿತು. ಆ ವರ್ಷ ಸೆಪ್ಟೆಂಬರ್ 1ರಂದು ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಬಂದಳು; ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಆಕೆಯೇ. ಅಂದಿನಿಂದ ಆ ಕುರ್ಚಿ ಹೆಂಗಸರದಾಯಿತು. ನಮ್ಮಲ್ಲಿ ಕಲಕತ್ತ, ಬೊಂಬಾಯಿ, ಮದರಾಸುಗಳಿಗೆ 1882ರಲ್ಲಿ ಎಕ್ಸ್‌ಚೇಂಜು ಬಂತು. ನನ್ನ ಚಿಕ್ಕಮ್ಮ ಹುಬ್ಬಳ್ಳಿಯಲ್ಲಿ ಟ್ರಂಕ್ ಕಾಲ್ ಹಾಕಿಕೊಡುತ್ತಿದ್ದವಳು. ಎದುರಿಗೆ ತೂತುಗಳ ಗೋಡೆ, ಕೈಯಲ್ಲಿ ತುದಿಗೆ ಹಿತ್ತಾಳೆಯ ಮೊಳೆಯಂಥ ಪ್ಲಗ್ಗಿದ್ದ ವೈರು, ತಲೆಗೆ ಹೆಡ್‌ಫೋನು. ಈ ತೂತಿನಿಂದ ಆ ತೂತಿಗೆ ವೈರು ಚುಚ್ಚಿದರೆ ದಾವಣಗೆರೆಯ ಮಂಡಿಯವನು ಬೊಂಬಾಯಿಯ ಸೇಠನ ಹತ್ತಿರ ಮಾತಾಡುತ್ತಿದ್ದ. ನಡುವೆ ಒಮ್ಮೆ ಅವಳು ಕಿವಿಗೊಟ್ಟು, ಮಾತು ಸರಿಯಾಗಿ ಹೋಗುತ್ತಿದೆಯೇ ನೋಡಿ, ಪಕ್ಕಕ್ಕೆ ಸರಿಯುತ್ತಿದ್ದಳು. ಈ "ಕಿವಿಗೊಟ್ಟು" ಎಂಬ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈ ಹೆಂಗಸರನ್ನು ತೆಗೆದುಹಾಕಿದವನ ಕಥೆಯೂ ಸ್ವಾರಸ್ಯವಾಗಿದೆ. ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೋಜರ್ ಎಂಬಾತ ಹೆಣದ ಪೆಟ್ಟಿಗೆ, ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದ. ಎಕ್ಸ್‌ಚೇಂಜಿನಲ್ಲಿದ್ದವಳು ತನಗೆ ಬರಬೇಕಾದ ಕರೆಗಳನ್ನೆಲ್ಲ ಎದುರಾಳಿ ವ್ಯಾಪಾರಿಗೆ ತಿರುಗಿಸುತ್ತಾಳೆ, ಅವಳು ಅವನ ಹೆಂಡತಿಯೇ ಎಂದು ಅವನ ಗುಮಾನಿ ಎಂಬ ಕಥೆಯಿದೆ. ಆ ಸಿಟ್ಟಿನಲ್ಲಿ ಮನುಷ್ಯರೇ ಬೇಡದ ಸ್ವಿಚ್ಚೊಂದನ್ನು ಯೋಚಿಸಿ 1891ರಲ್ಲಿ ಪೇಟೆಂಟ್ ಪಡೆದ. ಆ ಆಪರೇಟರಿನ ಕಡೆಯ ಕಥೆಯನ್ನು ಯಾರೂ ಬರೆದಿಟ್ಟಂತಿಲ್ಲ.

ರೇಡಿಯೋ ಬಂದಾಗ, ಆಮೇಲೆ ಟಿ.ವಿ. ಬಂದಾಗ, ಅದೇ ತೂತುಗಳ ಗೋಡೆ ಪ್ಯಾಚ್ ಪ್ಯಾನೆಲ್ ಎಂಬ ಹೆಸರಿನಲ್ಲಿ ಸ್ಟುಡಿಯೋಗಳಿಗೆ ಬಂತು. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರುಮಾಡಿದಾಗ ಅವರ ಬಳಿ ಇದ್ದದ್ದು 30 ವಾಟಿನ ಪ್ರೇಷಕ, ನಮ್ಮ ಮನೆಯ ಒಂದು ಬಲ್ಬಿನಷ್ಟು ಶಕ್ತಿ. ಅಷ್ಟು ಚಿಕ್ಕ ಮನೆಗೆ ದಾರಿಗಳ ಗೊಂದಲವಿರಲಿಲ್ಲ. ಕೇಂದ್ರಗಳು ದೊಡ್ಡವಾದಂತೆ ವೈರು ಚುಚ್ಚಿ ಪೂರೈಸದಾಯಿತು. ಆಗ ಬಂದದ್ದು ರೂಟರ್. ನಿಮ್ಮ ಮನೆಯ ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುತ್ತದಲ್ಲ, ಅದಲ್ಲ. ಇದು ಬೀರುವಿನಷ್ಟು ದೊಡ್ಡದು.

ಇದನ್ನು ತಿಳಿಯಲು ಮಗ್ಗವನ್ನು ನೆನೆಸಿಕೊಳ್ಳಿ. ಕ್ಯಾಮರಾ, ಟೇಪು, ಸ್ಟುಡಿಯೋ ಎಲ್ಲ ಕಡೆಯಿಂದ ಬರುವ ಎಳೆಗಳು ಹಾಸು. ಪ್ರಸಾರಕ್ಕೆ, ಧ್ವನಿಮುದ್ರಣಕ್ಕೆ, ಉಪಗ್ರಹಕ್ಕೆ ಹೋಗುವ ಎಳೆಗಳು ಹೊಕ್ಕು. ಹಾಸು ಹೊಕ್ಕನ್ನು ದಾಟುವ ಪ್ರತಿ ಜಾಗದಲ್ಲೂ ಒಂದೊಂದು ಪುಟ್ಟ ಸ್ವಿಚ್ಚು. 64 ಹಾಸು, 64 ಹೊಕ್ಕು ಎಂದರೆ 4,096 ಸ್ವಿಚ್ಚು. ಬೇಕಾದ ಕಡೆ ಒಂದು ಮುಚ್ಚಿಕೊಂಡರೆ ದಾರಿ ಸಿದ್ಧ.

ಇಂಥ ಮಗ್ಗ ಒಂದಲ್ಲ, ಒಂದರ ಮೇಲೊಂದು ಮೂರು ನಾಲ್ಕು ಇರುತ್ತವೆ. ಕೆಳಗಿನದು ಚಿತ್ರಕ್ಕೆ, ಅದರ ಮೇಲಿನದು ಮೊದಲ ಧ್ವನಿಗೆ, ಅದರ ಮೇಲೆ ಎರಡನೆಯ ಧ್ವನಿಗೆ. ಇವನ್ನು ನಮ್ಮವರು 'ಲೆವೆಲ್' ಎನ್ನುತ್ತಾರೆ. ಈ ಪದ ನನಗೆ ಬಹಳ ದಿನ ಕಾಟ ಕೊಟ್ಟಿತು. ಧ್ವನಿಯ ವಿಭಾಗದವರಿಗೆ ಲೆವೆಲ್ ಎಂದರೆ ಸದ್ದಿನ ಪ್ರಮಾಣ. 1939ರ ಸುಮಾರಿಗೆ ಅಮೆರಿಕದವರು ಮಾಡಿದ ವಿ.ಯು. ಮೀಟರಿನ ಮುಳ್ಳು ಕುಣಿಯುತ್ತದಲ್ಲ, ಅದು. ಗಾರೆಯವನಿಗೆ ಲೆವೆಲ್ ಎಂದರೆ ರಸಮಟ್ಟ. ನಮ್ಮದು ಎರಡೂ ಅಲ್ಲ, ಮನೆಯ ಅಂತಸ್ತು ಇದ್ದ ಹಾಗೆ. ಕನ್ನಡದಲ್ಲಿ ಅಂತಸ್ತಿಗೆ ಇನ್ನೊಂದು ಅರ್ಥ ಇದೆ ನೋಡಿ. ಆ ಅರ್ಥವೂ ಇಲ್ಲಿ ಹೊಂದುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ.

ಮೂರು ಅಂತಸ್ತಿನ ಸ್ವಿಚ್ಚುಗಳೂ ಸಾಮಾನ್ಯವಾಗಿ ಒಂದೇ ಗುಂಡಿಗೆ ಒಟ್ಟಿಗೆ ಕದಲುತ್ತವೆ. ಚಿತ್ರ ಎಲ್ಲಿಗೋ ಧ್ವನಿಯೂ ಅಲ್ಲಿಗೆ. ಇದಕ್ಕೆ 'ಆಡಿಯೋ ಫಾಲೋಸ್ ವಿಡಿಯೋ' ಎಂದು ಹೆಸರು. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, "ಪತಿವ್ರತೆ ಅಮ್ಮಾ, ಗಂಡನ ಹಿಂದೆ ಏಳು ಹೆಜ್ಜೆ" ಎನ್ನುತ್ತಿದ್ದರು. ಚಿತ್ರವನ್ನು ಅಲ್ಲೇ ಬಿಟ್ಟು ಧ್ವನಿಯನ್ನು ಮಾತ್ರ ಬೇರೆ ಕಡೆಯಿಂದ ತರುವುದೂ ಉಂಟು, ಅದು 'ಬ್ರೇಕ್‌ಅವೇ'. ಅದಕ್ಕೂ ಅವರ ಬಳಿ ಗಾದೆಗಳಿದ್ದವು, ಇಲ್ಲಿ ಬೇಡ. ಒಂದೇ ಚಿತ್ರಕ್ಕೆ ಎರಡು ಭಾಷೆ ಹಚ್ಚುವುದು ಈ ಬ್ರೇಕ್‌ಅವೇ ಇಲ್ಲದೆ ಆಗುವುದಿಲ್ಲ. ಇದಕ್ಕೆಲ್ಲ ಯಂತ್ರಕ್ಕೆ ಮೊದಲು ಪಟ್ಟಿ ಬರೆದುಕೊಡಬೇಕು. "ಸ್ಟುಡಿಯೋ ಎರಡು" ಎಂದರೆ ಚಿತ್ರದ ಅಂತಸ್ತಿನಲ್ಲಿ ಎಷ್ಟನೆಯ ಎಳೆ, ಮೊದಲ ಧ್ವನಿಯಲ್ಲಿ ಎಷ್ಟನೆಯದು, ಎರಡನೆಯ ಧ್ವನಿಯಲ್ಲಿ ಎಷ್ಟನೆಯದು. ಪಟ್ಟಿ ಸರಿಯಿದ್ದರೆ ಗುಂಡಿ ಒತ್ತುವವನಿಗೆ ಅದೆಲ್ಲ ತಿಳಿಯಬೇಕಾಗಿಯೂ ಇಲ್ಲ.

1997ರಲ್ಲಿ ನಾನು ಪಕ್ಕದ ರಾಜ್ಯದ ಒಂದು ಕೇಂದ್ರದಲ್ಲಿದ್ದೆ. ಹೆಸರು ಬೇಡ. ಅಲ್ಲಿಂದ ಸಂಜೆಯ ವಾರ್ತೆ ಒಂದು ಚಿತ್ರ, ಎರಡು ಧ್ವನಿಯಾಗಿ ಹೋಗುತ್ತಿತ್ತು: ಮೊದಲನೆಯದು ತೆಲುಗು, ಎರಡನೆಯದು ಕನ್ನಡ. ಗಡಿಯ ಈಚೆಯ ಊರುಗಳಲ್ಲಿ ಕೇಬಲ್ಲಿನವರು ಎರಡನೆಯದನ್ನು ಆರಿಸಿ ಮನೆಗಳಿಗೆ ಕೊಡುತ್ತಿದ್ದರು. ಹಳೆಯ ರೂಟರ್ ತೆಗೆದು ಹೊಸದು ಕೂರಿಸಿದರು. ಪಟ್ಟಿ ಬರೆಯುವ ಕೆಲಸ ನನಗೆ. ಎರಡು ರಾತ್ರಿ ಮನೆಗೆ ಹೋಗದೆ ಬರೆದೆ.

ಹೊರಗಿನ ಗೋಡೆಯ ಮೇಲೆ ಎಳೆಗಳಿಗೆ ಅಂಟಿಸಿದ್ದ ಚೀಟಿ ಒಂದರಿಂದ ಶುರು. ಯಂತ್ರದೊಳಗಿನ ಎಣಿಕೆ ಸೊನ್ನೆಯಿಂದ ಶುರು. ಎಂಜಿನಿಯರುಗಳ ಲೋಕದಲ್ಲಿ ಇದು ಹೊಸದಲ್ಲ. ಹಾಗಾಗಿ ಚೀಟಿಯಲ್ಲಿ 37 ಎಂದಿದ್ದರೆ ಪಟ್ಟಿಯಲ್ಲಿ 36 ಎಂದು ಬರೆಯುತ್ತ ಹೋದೆ. ಚಿತ್ರಕ್ಕೆ ಸರಿಹೋಯಿತು. ಮೊದಲ ಧ್ವನಿಗೂ ಸರಿಹೋಯಿತು. ಎರಡನೆಯ ಧ್ವನಿಯ ಪೆಟ್ಟಿಗೆಯನ್ನು, ಹೇಗೂ ಎರಡನೆಯದು ತಾನೇ ಎಂದು, ದುಡ್ಡು ಉಳಿಸಲು ಬೇರೆ ಕಡೆಯಿಂದ ತರಿಸಿದ್ದರು. ಅದರ ಎಣಿಕೆ ಒಂದರಿಂದ ಶುರುವಾಗುತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ ಎನ್ನಲಾರೆ. ಅದರ ಜೊತೆ ಬಂದ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. ತೆರೆದು ನೋಡಿರಲಿಲ್ಲ.

ಪರೀಕ್ಷೆ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದೆವು. ಎಲ್ಲ ಎಳೆಗಳಿಗೂ ಒಂದೇ 'ಕುಂಯ್' ಎನ್ನುವ ಪರೀಕ್ಷೆಯ ಸದ್ದನ್ನು ಹಚ್ಚಿ, ಎಲ್ಲ ಕಡೆಯಲ್ಲೂ ಕುಂಯ್ ಬರುತ್ತಿದೆ ಎಂದು ಸಹಿ ಹಾಕಿದೆವು. ಎಲ್ಲ ಮನೆಯಲ್ಲೂ ಒಂದೇ ಮಗು ಅಳುತ್ತಿದ್ದರೆ ಯಾರ ಮಗು ಯಾರ ಮನೆಯಲ್ಲಿದೆ ಎಂದು ತಿಳಿಯುವುದು ಹೇಗೆ?

ಹೊಸ ಯಂತ್ರ ಓಡಿದ ಮೊದಲ ಸಂಜೆಯೇ ಗಡಿಯ ಹತ್ತಿರ ಒಂದು ಬಸ್ಸಿನ ಅಪಘಾತವಾಗಿತ್ತು. ವಾರ್ತೆಯಲ್ಲಿ ಸತ್ತವರ ಹೆಸರುಗಳನ್ನು ಎರಡೂ ಭಾಷೆಯಲ್ಲಿ ಓದಿದರು. ಕನ್ನಡ ಓದಿದಾಕೆ ನನಗೆ ಬೇಕಾದವಳು. ಒಂದೊಂದು ಹೆಸರಿಗೂ ಊರಿನ ಹೆಸರು ಸೇರಿಸಿ, ತಡವರಿಸದೆ, ನಿಧಾನವಾಗಿ ಓದಿದಳು. ಅವಳ ಧ್ವನಿ 37ನೆಯ ಎಳೆಯಲ್ಲಿ ಬಂತು. ಯಂತ್ರ 36ನೆಯದನ್ನು ಕಳಿಸಿತು. 36ನೆಯದರಲ್ಲಿ ರಾತ್ರಿಯ ಚಿತ್ರಗೀತೆಗಳ ಟೇಪನ್ನು ಯಾರೋ ಪರಿಶೀಲಿಸುತ್ತಿದ್ದರು.

ಆರು ನಿಮಿಷ. ನಿಯಂತ್ರಣ ಕೊಠಡಿಯಲ್ಲಿ ಹನ್ನೊಂದು ಜನ ಇದ್ದೆವು. ಸ್ಪೀಕರಿನಲ್ಲಿ ತೆಲುಗು ಸ್ವಚ್ಛವಾಗಿ ಕೇಳುತ್ತಿತ್ತು. ಕನ್ನಡದ ಮೀಟರಿನ ಮುಳ್ಳು ಕುಣಿಯುತ್ತಿತ್ತು, ಆದ್ದರಿಂದ ಧ್ವನಿ ಹೋಗುತ್ತಿದೆ ಎಂದುಕೊಂಡೆವು. ಹಾಡಿಗೂ ಮುಳ್ಳು ಕುಣಿಯುತ್ತದೆ. ಅಡಚಣೆಗೆ ವಿಷಾದಿಸುತ್ತೇವೆ ಎಂಬ ಫಲಕವನ್ನು ಕೂಡ ಹಾಕಲಿಲ್ಲ. ಅಡಚಣೆಯಾಗಿದೆ ಎಂದು ಗೊತ್ತಿದ್ದರೆ ತಾನೇ. ಒಬ್ಬ ಕೇಬಲ್ಲಿನವನು ಫೋನು ಮಾಡಿದ ಮೇಲೆ ತಿಳಿಯಿತು. ಮಾರನೆಯ ದಿನದ ವರದಿಯಲ್ಲಿ 'ತಾಂತ್ರಿಕ ದೋಷ' ಎಂದು ಬರೆದರು. ನನ್ನನ್ನು ಯಾರೂ ಬೈಯಲಿಲ್ಲ. ಎರಡನೆಯ ಧ್ವನಿ ತಾನೇ ಎಂದು ಮೇಲಿನವರು ಸಮಾಧಾನವನ್ನೇ ಹೇಳಿದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೋ ಏನೋ.

ಆರು ದಿನದ ಮೇಲೆ ಒಂದು ಪೋಸ್ಟ್ ಕಾರ್ಡ್ ಬಂತು. ನಮ್ಮ ಅಜ್ಜಿಯ ಕಡೆಯದೇ ಒಂದು ತಾಲೂಕಿನಿಂದ. ಹೆಂಗಸಿನ ಕೈಬರಹ. "ನನ್ನ ತಮ್ಮ ಆ ಬಸ್ಸಿನಲ್ಲಿದ್ದ. ಅವನ ಹೆಸರನ್ನು ನೀವು ಓದಿದಿರೆಂದು ತೆಲುಗು ಕೇಳಿದವರು ಮಾರನೆಯ ದಿನ ಬಂದು ಹೇಳಿದರು. ನಮ್ಮ ಮನೆಯಲ್ಲಿ ಆಗ ಹಾಡು ಬರುತ್ತಿತ್ತು. ಏನೂ ಆಗಿಲ್ಲವೆಂದು ಊಟ ಮಾಡಿ ಮಲಗಿದೆವು. ಆ ಹಾಡು ಹಾಕಿದವರು ಯಾರು?"

ಕಾರ್ಡನ್ನು ಆಫೀಸಿನವರು ದೂರುಗಳ ಫೈಲಿಗೆ ಸೇರಿಸಿದರು. ವಿಳಾಸ ಬರೆದುಕೊಂಡು ನಾನು ಉತ್ತರ ಬರೆಯಲು ಕೂತೆ. ಮೊದಲ ಸಲ ಅಂತಸ್ತು, ಎಣಿಕೆ, ಸೊನ್ನೆ ಎಲ್ಲ ವಿವರಿಸಿ ಎರಡು ಪುಟ ಬರೆದು ಹರಿದೆ. ಎರಡನೆಯದರಲ್ಲಿ ಕ್ಷಮೆ ಕೇಳಿದ್ದೇ ಜಾಸ್ತಿಯಾಯಿತು, ಅದನ್ನೂ ಹರಿದೆ. ಕೊನೆಗೆ ಕಳಿಸಿದ್ದರಲ್ಲಿ ಇದ್ದದ್ದು ಮೂರು ಸಾಲು. ಹಾಡು ಹಾಕಿದವಳು ನಾನು, ಎಣಿಸುವಾಗ ತಪ್ಪಿದೆ, ನಿಮ್ಮ ತಮ್ಮನ ಹೆಸರನ್ನು ನಮ್ಮವಳು ಸರಿಯಾಗಿ, ಊರಿನ ಹೆಸರಿನ ಸಮೇತ ಓದಿದಳು. ಉತ್ತರ ಬರಲಿಲ್ಲ. ಬರಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿರಲಿಲ್ಲ.

ಅದಾದ ಮೇಲೆ ಪರೀಕ್ಷೆಗೆ ಕುಂಯ್ ಬಿಟ್ಟೆ. ಒಂದು ಟೇಪಿನಲ್ಲಿ ನನ್ನದೇ ದನಿಯಲ್ಲಿ ಒಂದೊಂದು ಎಳೆಯ ಹೆಸರನ್ನೂ ಹೇಳಿ ಮುದ್ರಿಸಿಕೊಂಡೆ: "ಸ್ಟುಡಿಯೋ ಎರಡು, ಎರಡನೆಯ ಧ್ವನಿ, ಕನ್ನಡ." ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ಹಾಕಿ ಕೂತು ಎಲ್ಲ ಅಂತಸ್ತನ್ನೂ ಕೇಳುತ್ತಿದ್ದೆ. ಅರ್ಧ ದಿನದ ಕೆಲಸ. "ಇವರು ತಮ್ಮ ಧ್ವನಿ ತಾವೇ ಕೇಳ್ಕೊಂಡು ಕೂರ್ತಾರೆ" ಎಂದು ಹುಡುಗರು ನಗುತ್ತಿದ್ದರು. ಚಿಕ್ಕಮ್ಮ ನೋಡಿದ್ದರೆ ನಗುತ್ತಿರಲಿಲ್ಲ.

ನನ್ನ ಕಣ್ಣೆದುರೇ ಈ ವಿದ್ಯೆ ಎರಡು ಸಲ ಮಗ್ಗುಲು ಬದಲಾಯಿಸಿತು. ಚಿತ್ರವನ್ನು ಅಂಕಿಯಾಗಿಸಿ ಕಳಿಸುವ ಎಸ್.ಡಿ.ಐ. ಪದ್ಧತಿ ಬಂದ ಮೇಲೆ ಒಂದೇ ವೈರಿನಲ್ಲಿ ಚಿತ್ರದ ಸೆರಗಿನೊಳಗೇ ಹದಿನಾರು ಧ್ವನಿಗಳನ್ನು ಕಟ್ಟಿ ಕಳಿಸುವುದು ಸಾಧ್ಯವಾಯಿತು. ಇನ್ನು ಅಂತಸ್ತುಗಳೇ ಬೇಡ ಎಂದರು. ಆದರೆ ಒಂದು ಧ್ವನಿ ಬದಲಾಯಿಸಬೇಕಾದರೂ ಇಡೀ ಗಂಟು ಬಿಚ್ಚಿ ಮತ್ತೆ ಕಟ್ಟಬೇಕು. ಗಂಟು ಬಿಚ್ಚುವಾಗ ಚಿತ್ರ ಒಂದು ಕಡೆ ತಡವಾಗಿ, ಧ್ವನಿ ಮುಂದೋಡಿ, ಅಜ್ಜಿ ಹೇಳಿದ ಹಾಗೆ ಬಾಯಿ ಒಂದು ಕಡೆ, ಮಾತು ಒಂದು ಕಡೆ. ಧ್ವನಿ ಎಷ್ಟು ತಪ್ಪಿದರೆ ಜನರಿಗೆ ಗೊತ್ತಾಗುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯವರು 1998ರಲ್ಲಿ ಲೆಕ್ಕ ಕೊಟ್ಟರು. ಚಿತ್ರಕ್ಕಿಂತ ಮಾತು ಸೆಕೆಂಡಿನ ಸಾವಿರದಲ್ಲಿ 45 ಪಾಲು ಮೊದಲು ಬಂದರೂ ಗೊತ್ತಾಗುತ್ತದೆ. ತಡವಾದರೆ 125 ಪಾಲಿನವರೆಗೂ ಗೊತ್ತಾಗುವುದಿಲ್ಲ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದು ಮೊದಲು ಬಂದದ್ದನ್ನು ಪ್ರಪಂಚದಲ್ಲಿ ಯಾರೂ ಕಂಡಿಲ್ಲ.

ಆಮೇಲೆ 2017ರಲ್ಲಿ ಇನ್ನೊಂದು ನಿಯಮ ಬಂತು, ಎಸ್.ಟಿ. 2110 ಎಂದು. ಕಂಪ್ಯೂಟರಿನ ಜಾಲದಲ್ಲೇ ಕಾರ್ಯಕ್ರಮ ಕಳಿಸುವ ಪದ್ಧತಿ. ಅದರಲ್ಲಿ ಚಿತ್ರ ಬೇರೆ ಎಳೆ, ಧ್ವನಿ ಬೇರೆ ಎಳೆ! ಗಂಟು ಮತ್ತೆ ಬಿಚ್ಚಿಕೊಂಡಿತು. ಬೇಡವೆಂದಿದ್ದ ಅಂತಸ್ತುಗಳು ಮರಳಿ ಬಂದವು.

2022ರಲ್ಲಿ ನಿವೃತ್ತಿಯಾಗುವ ವಾರ, ನನ್ನ ಜಾಗಕ್ಕೆ ಬಂದ ಹುಡುಗಿ ಆ ಹೊಸ ವ್ಯವಸ್ಥೆಯ ಪಟ್ಟಿಯನ್ನು ತೆರೆದು ತೋರಿಸಿದಳು. ಚೆನ್ನಾಗಿ ಓದಿಕೊಂಡ ಹುಡುಗಿ, ಬೆರಳು ಕೀಲಿಮಣೆಯ ಮೇಲೆ ಹರಿದಾಡುತ್ತಿತ್ತು. ಚಿತ್ರ, ಧ್ವನಿ ಒಂದು, ಧ್ವನಿ ಎರಡು, ಧ್ವನಿ ಮೂರು ಎಂದು ಸಾಲಾಗಿ ಹೆಸರು, ಮುಂದೆ ಅಂಕಿ. ಕನ್ನಡ ಈಗಲೂ ಎರಡನೆಯ ಸಾಲಿನಲ್ಲೇ ಇತ್ತು.

"ಇದರ ಎಣಿಕೆ ಸೊನ್ನೆಯಿಂದ ಶುರುವೋ, ಒಂದರಿಂದಲೋ?" ಎಂದೆ.

ಅವಳು ನಕ್ಕಳು. ಆಮೇಲೆ ಪರದೆಯನ್ನು ನೋಡಿದಳು. "ನೋಡಿ ಬಂದು ಹೇಳ್ತೀನಿ ಮೇಡಂ" ಎಂದು ಒಳಗೆ ಹೋದಳು. ಅರ್ಧ ಗಂಟೆಯಾದ ಮೇಲೆ ಬಂದಳು. ಮುಖದಲ್ಲಿ ನಗು ಇರಲಿಲ್ಲ.

"ಎರಡೂ ಇದೆ ಮೇಡಂ" ಎಂದಳು.

ಡ್ರಾಯರಿನಿಂದ ಹೆಡ್‌ಫೋನ್ ತೆಗೆದು ಅವಳ ಕೈಗೆ ಕೊಟ್ಟೆ. ಇನ್ನೊಂದು ತುದಿಯಲ್ಲಿ ಕೂತು ಎಳೆಗಳ ಹೆಸರು ಹೇಳತೊಡಗಿದೆ.